ಅಕ್ಷರ ಬಾರದವರಿಗೊಂದು ಗಣಕ

ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೀವು ನೋಡಿರಬಹುದು. ಹಳಬರು ಅದನ್ನು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. ಅಲ್ಲಿನ ಕೆಲವು ಪ್ರಾಧ್ಯಾಪಕರನ್ನು ಒಂದು ಪ್ರಶ್ನೆ ಕಾಡಿತು. ಓದು ಬಾರದ, ಇಂಗ್ಲಿಷ್ ತಿಳಿಯದ, ಕೈಯಲ್ಲಿ ಹಣವೂ ಇಲ್ಲದ ರೈತ ಗಣಕಯಂತ್ರವನ್ನು ಬಳಸುವುದು ಹೇಗೆ?

1998ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮೇಳದ ವಿಚಾರ ಸಂಕಿರಣವೊಂದರ ಸಂದರ್ಭದಲ್ಲಿ ಈ ಪ್ರಶ್ನೆ ಒಂದು ಯೋಜನೆಯ ರೂಪ ಪಡೆಯಿತು. ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. 2001ರ ಏಪ್ರಿಲ್ 25ರಂದು ಅಂಗೈಯಲ್ಲಿ ಹಿಡಿಯಬಹುದಾದ 'ಸಿಂಪ್ಯೂಟರ್' ಎಂಬ ಯಂತ್ರದ ಮಾದರಿ ಹೊರಬಂದಿತು.

ಅದರ ರಚನೆಯನ್ನು ಗಮನಿಸಿ. ಕೀಲಿಮಣೆ ಇರಲಿಲ್ಲ; ಪರದೆಯನ್ನೇ ಕಡ್ಡಿಯಿಂದ ಮುಟ್ಟಬೇಕಿತ್ತು. ಒಳಗೆ ಲಿನಕ್ಸ್ ಕಾರ್ಯವ್ಯವಸ್ಥೆ, 32 ಮೆಗಾಬೈಟ್ ನೆನಪು, 24 ಮೆಗಾಬೈಟ್ ಸಂಗ್ರಹ. ಇಂದಿನ ಫೋನಿನ ಹತ್ತಿಪ್ಪತ್ತು ಛಾಯಾಚಿತ್ರಗಳಿಗೂ ಆ ಜಾಗ ಸಾಲದು! ಪೆನ್ಸಿಲ್ ಗಾತ್ರದ ಮೂರು ಬ್ಯಾಟರಿಗಳು ಸಾಕಾಗಿದ್ದವು. ಬರಹವನ್ನು ಕನ್ನಡ, ಹಿಂದಿಗಳಲ್ಲಿ ಗಟ್ಟಿಯಾಗಿ ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶವಿತ್ತು. ಓದು ಬಾರದವನಿಗೆ ಯಂತ್ರವೇ ಓದಿ ಹೇಳುತ್ತಿತ್ತು.

ಬೆಲೆಯ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರ ಇನ್ನೂ ಸ್ವಾರಸ್ಯಕರ. ಪ್ರತಿಯೊಬ್ಬರೂ ಯಂತ್ರವನ್ನು ಕೊಳ್ಳಬೇಕಿಲ್ಲ, ಊರಿಗೊಂದಿದ್ದರೆ ಸಾಕು. ಪ್ರತಿಯೊಬ್ಬರ ಬಳಿಯೂ ಅವರವರ ಸ್ಮಾರ್ಟ್ ಕಾರ್ಡ್ ಇರುತ್ತದೆ. ಕಾರ್ಡನ್ನು ಒಳಗೆ ತೂರಿಸಿದ ಕ್ಷಣ ಊರಿನ ಯಂತ್ರ ನಿಮ್ಮದಾಗುತ್ತದೆ. ಹೆಚ್ಚಿನ ಮಾಹಿತಿಯನ್ನು ದೂರದ ಗಣಕದಲ್ಲಿಟ್ಟು ಜಾಲದ ಮೂಲಕ ತರಿಸಿಕೊಳ್ಳಬಹುದು. ಅದಕ್ಕಾಗಿ ಯಂತ್ರದಲ್ಲೇ ಮೋಡೆಮ್ ಅಳವಡಿಸಿದ್ದರು. ಗಣಕದ ಅಂಕಿಗಳನ್ನು ಸ್ವರಗಳಾಗಿ ಬದಲಿಸಿ ದೂರವಾಣಿ ತಂತಿಯಲ್ಲಿ ಕಳಿಸುವುದು ಮೋಡೆಮ್‌ನ ಕೆಲಸ.

2004ರ ಮಾರ್ಚ್‌ನಲ್ಲಿ, ಈ ಪ್ರಾಧ್ಯಾಪಕರು ಕಟ್ಟಿದ ಪಿಕೋಪೆಟಾ ಕಂಪನಿಯು ಜಾಲಹಳ್ಳಿಯ ಬಿ.ಇ.ಎಲ್. ಜೊತೆಗೂಡಿ 'ಅಮಿಡಾ ಸಿಂಪ್ಯೂಟರ್' ಅನ್ನು ಮಾರುಕಟ್ಟೆಗೆ ತಂದಿತು. ಆರಂಭದ ಬೆಲೆ 9,950 ರೂಪಾಯಿ. ಕೈಯಲ್ಲಿ ಓಲಾಡಿಸಿದರೆ ಪುಟ ತಿರುವುವಂತೆ ಚಲನೆಯನ್ನು ಗುರುತಿಸುವ ಸಾಧನವೂ ಅದರಲ್ಲಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನಪಿಡಿ. ಕರ್ನಾಟಕದ ಭೂದಾಖಲೆಗಳ ಕೆಲಸದಲ್ಲೂ ಸಿಂಪ್ಯೂಟರನ್ನು ಬಳಸಲಾಯಿತು.

ಆದರೂ ಅದು ಊರೂರಿಗೆ ತಲುಪಲಿಲ್ಲ. ಏಕೆ? ಬಡವನ ಪಾಲಿಗೆ ಆ ಬೆಲೆಯೂ ಹೆಚ್ಚೇ ಆಗಿತ್ತು. ಅಷ್ಟರಲ್ಲಿ ಮೊಬೈಲ್ ಫೋನ್ ಬಂದಿತ್ತು; 2003ರ ಮೇ ತಿಂಗಳಿನಿಂದ ಒಳಬರುವ ಕರೆಗಳಿಗೆ ಹಣ ಕೊಡಬೇಕಾಗಿರಲಿಲ್ಲ. ಸಿಂಪ್ಯೂಟರ್ ತಂತಿಯನ್ನು ಹುಡುಕಬೇಕಿತ್ತು, ಮೊಬೈಲಿಗೆ ಗಾಳಿಯಲ್ಲೇ ದಾರಿಯಿತ್ತು. ಜನರು ಮೊದಲು ಬಯಸಿದ್ದು ದೂರದ ಮಗನೊಡನೆ ಮಾತನಾಡುವುದನ್ನು, ಉಳಿದದ್ದೆಲ್ಲ ಆಮೇಲೆ.

ಹಾಗಾದರೆ ಆ ಶ್ರಮ ವ್ಯರ್ಥವಾಯಿತೇ? ಇಂದು ನಿಮ್ಮ ಅಜ್ಜಿ ಫೋನಿಗೆ ಕನ್ನಡದಲ್ಲಿ ಮಾತನಾಡಿ ಉತ್ತರ ಕೇಳಿಸಿಕೊಳ್ಳುವುದನ್ನು ನೋಡಿ. ಅದೇ ಪ್ರಶ್ನೆಯನ್ನು ಯಶವಂತಪುರದ ಮಗ್ಗುಲಲ್ಲಿ ಎಂದೋ ಕೇಳಲಾಗಿತ್ತು. ನಾಳೆ ನೀವು ಒಂದು ಸಾಧನವನ್ನು ರೂಪಿಸುವಾಗ ಎರಡು ಮಾತು ನೆನಪಿರಲಿ: ಅದನ್ನು ಬಳಸುವವರು ಯಾರು? ಅವರ ಊರಿನವರೆಗೆ ಜಾಲ ತಲುಪಿದೆಯೇ?