ಕೊಂಗುನಾಡಿನ ಊಟ, ಸಕ್ಕರೆ ಕಾಯಿಲೆ

ತಮಿಳುನಾಡಿನ ಪಶ್ಚಿಮ ಭಾಗವಾದ ಕೊಂಗುನಾಡಿನ ಕೊಯಮತ್ತೂರು, ತಿರುಪ್ಪೂರಿನ ಒಣಭೂಮಿಯಲ್ಲಿ ಹಿಂದೆ ದಿನನಿತ್ಯದ ಊಟವೆಂದರೆ ಸಜ್ಜೆ, ಜೋಳ, ರಾಗಿ, ಸಾಮೆ. ಕುಟ್ಟಿ ಬೇಯಿಸಿದ ಸಜ್ಜೆಯನ್ನು ರಾತ್ರಿ ನೀರಿನಲ್ಲಿಟ್ಟು, ಬೆಳಗ್ಗೆ ಮಜ್ಜಿಗೆ ಕಲಸಿ, ಸಣ್ಣ ಈರುಳ್ಳಿ ನಂಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಕೊಯಮತ್ತೂರಿನಲ್ಲಿ 1923ರಷ್ಟು ಹಿಂದೆಯೇ ಕಿರುಧಾನ್ಯಗಳ ತಳಿ ಸಂಶೋಧನಾ ಕೇಂದ್ರ ತೆರೆದದ್ದು ಈ ಬೆಳೆಗಳಿಗಿದ್ದ ಮಹತ್ವವನ್ನು ತೋರಿಸುತ್ತದೆ. ಬಡವರ ಮನೆಯಲ್ಲಿ ಅನ್ನ ಹಬ್ಬಕ್ಕೆ, ನೆಂಟರು ಬಂದಾಗ.

1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ ಬಂದು ನೂಲಿನ ಗಿರಣಿಗಳು ಹೆಚ್ಚಿದವು. ನೀರಾವರಿಯೂ ಪಡಿತರವೂ ಅಕ್ಕಿಯನ್ನು ಮನೆಮನೆಗೆ ತಂದವು. 2011ರ ಜೂನ್‌ನಿಂದ ತಮಿಳುನಾಡಿನಲ್ಲಿ ಪಡಿತರ ಅಕ್ಕಿ ಉಚಿತವಾಯಿತು. ಹಸಿವನ್ನು ಹಿಮ್ಮೆಟ್ಟಿಸಿದ ಆ ಅಕ್ಕಿಯನ್ನು ದೂರುವುದು ಅನ್ಯಾಯ. ಆದರೆ ಮೈಮುರಿಯುವ ದುಡಿಮೆ ಕಡಿಮೆಯಾಗುತ್ತಿದ್ದ ಕಾಲಕ್ಕೇ ಮೂರು ಹೊತ್ತೂ ಪಾಲಿಶ್ ಅಕ್ಕಿಯ ಊಟ ರೂಢಿಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2011ರಲ್ಲಿ ರಾಜ್ಯದ ವಯಸ್ಕರಲ್ಲಿ ಶೇ. 10.4ರಷ್ಟು ಮಂದಿಗೆ ಮಧುಮೇಹವಿದೆಯೆಂದು ತಿಳಿಸಿತು.

ಪೋಷಣೆಯ ಪಾಠ ಇಲ್ಲಿ ಶುರುವಾದದ್ದು ಕೊರತೆ ನೀಗಲೆಂದು. 1957ರಲ್ಲಿ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಕೊಯಮತ್ತೂರಿನಲ್ಲಿ ಗೃಹವಿಜ್ಞಾನ ಕಾಲೇಜು ಸ್ಥಾಪಿಸಿದರು. ಅದನ್ನು ಬೆಳೆಸಿದ ಪೋಷಣಾ ತಜ್ಞೆ ರಾಜಮ್ಮಾಳ್ ದೇವದಾಸ್ ಆಹಾರಶಾಸ್ತ್ರವನ್ನು ಹಳ್ಳಿಗಳಿಗೆ ಒಯ್ಯಲು ಶ್ರಮಿಸಿದರು. ತಾಯಿ-ಮಕ್ಕಳಿಗೆ ಬೇಳೆ, ಸೊಪ್ಪು, ಹಾಲು ಸಾಕಷ್ಟು ಸಿಗಬೇಕೆಂಬುದು ಆ ಕಾಲದ ಕಾಳಜಿ. 1982ರಲ್ಲಿ ವಿಸ್ತಾರಗೊಂಡ ಬಿಸಿಯೂಟವೂ ಹೊಟ್ಟೆ ತುಂಬಿಸುವ ಯೋಜನೆಯೇ.

ಮಧುಮೇಹ ಬಂದ ಮೇಲೆ ಪಾಠ ಬದಲಾಗಬೇಕಾಯಿತು: ಎಷ್ಟು ತಿನ್ನಬೇಕು, ಯಾವುದರ ಜೊತೆ, ಯಾವ ಹೊತ್ತಿಗೆ? ಕಿರುಧಾನ್ಯವೆಂದ ಮಾತ್ರಕ್ಕೆ ಸಾಲದು. ನುಣ್ಣಗೆ ಹಿಟ್ಟು ಮಾಡಿ ಕಾಯಿಸಿದ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಇಡಿಯಾಗಿ ಬೇಯಿಸಿದ ಸಾಮೆಯನ್ನು ಬೇಳೆ, ಸೊಪ್ಪಿನ ಜೊತೆ ಹದವಾಗಿ ಉಂಡರೆ ಏರಿಕೆ ನಿಧಾನ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವರಿಗೆ, ಸಿಹಿ ಟೀಯಲ್ಲೇ ಹಸಿವು ತಳ್ಳುವವರಿಗೆ, ಈ ಲೆಕ್ಕ ಸುಲಭವಲ್ಲ.

ದೇಹದಲ್ಲಿ ಇನ್ಸುಲಿನ್ ತಯಾರಾಗದ ಟೈಪ್ 1 ಮಧುಮೇಹದ ಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮ. ಅವರ ಕಾಯಿಲೆಗೆ ಸಿಹಿ ತಿಂದದ್ದು ಕಾರಣವಲ್ಲ, ಪಥ್ಯವೊಂದರಿಂದಲೇ ಅದು ಹತೋಟಿಗೆ ಬರುವುದೂ ಇಲ್ಲ. ಬಡ ಮಕ್ಕಳಿಗೆ ಉಚಿತ ಇನ್ಸುಲಿನ್ ಕೊಡುವ ಇದಯಂಗಳ್ ಟ್ರಸ್ಟ್ ಕೊಯಮತ್ತೂರಿನದೇ. ಆದರೆ ಇನ್ಸುಲಿನ್ ಚುಚ್ಚಿಕೊಂಡ ಮಗು ಊಟ ತಪ್ಪಿಸಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಆದ್ದರಿಂದ ಮನೆಯಲ್ಲಿ ಹೊತ್ತುಹೊತ್ತಿಗೆ ಊಟವಿರಬೇಕು. ನಡುಕ, ಬೆವರು ಬಂದೊಡನೆ ತರಗತಿಯಲ್ಲೇ ಗ್ಲೂಕೋಸ್ ತಿನ್ನಲು ಬಿಡಬೇಕೆಂದು ಶಿಕ್ಷಕರಿಗೂ ತಿಳಿದಿರಬೇಕು.