ಮಧುರವಚನದ ವಂಚಕರೂ ಸಜ್ಜನರ ಮೌನವೂ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾದಂಬರಿಯೆಂಬ ಸಾಹಿತ್ಯಪ್ರಕಾರ ಬೆಳೆದಂತೆ, ಅದರೊಡನೆ ಒಂದು ಬಗೆಯ ಪುರುಷಪಾತ್ರವೂ ನೆಲೆಯೂರಿತು. ಆತ ರೂಪವಂತ, ವಾಕ್ಚತುರ, ಕಂಡವರ ಮನಸ್ಸನ್ನು ಕ್ಷಣದಲ್ಲಿ ಗೆಲ್ಲುವವನು. ಅಂತರಂಗದಲ್ಲಿ ಮಾತ್ರ ಕಪಟಿ. ಇಂಥವನಿಗೆ ಮರುಳಾದ ಹೆಣ್ಣಿನ ಅವಿವೇಕವನ್ನು ಲೋಕವು ಹಳಿಯುತ್ತ ಬಂದಿದೆ. ಆದರೆ ಆ ಕಾಲದ ಮೂರು ಪ್ರಸಿದ್ಧ ಕೃತಿಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಂಚಕನ ನಿಜಸ್ವರೂಪವನ್ನು ಬಲ್ಲ ಸಜ್ಜನನೊಬ್ಬ ಮೂರರಲ್ಲಿಯೂ ಇದ್ದಾನೆ; ಮಾತನಾಡಬೇಕಾದ ಹೊತ್ತಿನಲ್ಲಿ ಆತ ಸುಮ್ಮನಿದ್ದಾನೆ.

ಅಂದಿನ ಇಂಗ್ಲೆಂಡಿನಲ್ಲಿ ಇಂಥ ಮೌನದ ಬೆಲೆ ಅಲ್ಪವಾಗಿರಲಿಲ್ಲ. ವಿವಾಹಪೂರ್ವದಲ್ಲಿ ಪ್ರತ್ಯೇಕ ಕರಾರು ಮಾಡಿಕೊಳ್ಳದಿದ್ದರೆ ಹೆಂಡತಿಯ ಹಣ, ಒಡವೆಗಳೆಲ್ಲ ಗಂಡನ ವಶವಾಗುತ್ತಿದ್ದವು. ಗುಪ್ತವಿವಾಹಗಳನ್ನು ತಡೆಯಲು 1753ರಲ್ಲಿ ಶಾಸನವೊಂದು ಬಂದಿತು. 21 ವರ್ಷ ತುಂಬದವರು ಹೆತ್ತವರ ವಿರೋಧವನ್ನು ಮೀರಿ ಮದುವೆಯಾಗುವುದು ಅದರಿಂದ ಕಠಿಣವಾಯಿತು. ಆದರೆ ಅದು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಆದುದರಿಂದ ಗಡಿಯಾಚೆಯ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿ ಓಡಿಹೋದ ಜೋಡಿಗಳ ಆಶ್ರಯಸ್ಥಾನವಾಯಿತು. ವಿವಾಹಿತ ಸ್ತ್ರೀಗೆ ಸ್ವಂತ ಆಸ್ತಿಯ ಹಕ್ಕು ದೊರೆತದ್ದು 1870 ಮತ್ತು 1882ರ ಶಾಸನಗಳಿಂದ. ಅಲ್ಲಿಯವರೆಗೆ ಸಿರಿವಂತ ಕನ್ಯೆಯೊಬ್ಬಳನ್ನು ಮಾತಿನಿಂದ ಒಲಿಸಿಕೊಳ್ಳುವುದು ಸಾಲಗಾರ ಯುವಕನಿಗೆ ಸುಲಭದ ಸಂಪಾದನೆಯಾಗಿತ್ತು.

ಮುದ್ರಕನಾಗಿದ್ದ ಸ್ಯಾಮ್ಯುಯಲ್ ರಿಚರ್ಡ್‌ಸನ್ 1747-48ರಲ್ಲಿ ಏಳು ಸಂಪುಟಗಳ ‘ಕ್ಲಾರಿಸ್ಸಾ’ವನ್ನು ಪ್ರಕಟಿಸಿದನು. ಒಲ್ಲದ ವರನನ್ನು ಮನೆಯವರು ಬಲವಂತಪಡಿಸಿದಾಗ, ಕಾಪಾಡುವ ನೆಪದಿಂದ ಲವ್‌ಲೇಸ್ ಎಂಬವನು ಕ್ಲಾರಿಸ್ಸಾಳನ್ನು ಕರೆದೊಯ್ಯುತ್ತಾನೆ. ವೇಶ್ಯಾಗೃಹವೊಂದನ್ನು ಮರ್ಯಾದಸ್ಥರ ಮನೆಯೆಂದು ನಂಬಿಸಿ ಆಕೆಯನ್ನು ಅಲ್ಲಿರಿಸಿ, ಕೊನೆಗೆ ಮತ್ತು ಬರಿಸಿ ಅತ್ಯಾಚಾರವೆಸಗುತ್ತಾನೆ. ತನ್ನ ಸಂಚುಗಳನ್ನೆಲ್ಲ ಅವನು ಗೆಳೆಯ ಬೆಲ್‌ಫರ್ಡನಿಗೆ ಪತ್ರಗಳಲ್ಲಿ ಬರೆಯುತ್ತಿದ್ದನು. ಬೆಲ್‌ಫರ್ಡ್ ಅವನನ್ನು ಬೇಡಿಕೊಂಡನು, ಖಂಡಿಸಿದನು. ಕ್ಲಾರಿಸ್ಸಾಳಿಗೆ ಮಾತ್ರ ಎಚ್ಚರಿಕೆ ಕೊಡಲಿಲ್ಲ. ಅವಳ ಅಂತಿಮ ದಿನಗಳಲ್ಲಿ ಅವನು ತೋರಿದ ಕಾರುಣ್ಯ ಆ ಲೋಪವನ್ನು ತುಂಬಲಾರದಾಯಿತು. ಸ್ವಾರಸ್ಯವೆಂದರೆ, ಓದುಗರಲ್ಲಿಯೂ ಅನೇಕರು ಲವ್‌ಲೇಸನ ಮೋಡಿಗೆ ಒಳಗಾದರು. ಅವನ ದುಷ್ಟತನ ಸ್ಪಷ್ಟವಾಗಲೆಂದು ರಿಚರ್ಡ್‌ಸನ್ ಮುಂದಿನ ಆವೃತ್ತಿಗಳಲ್ಲಿ ಅಡಿಟಿಪ್ಪಣಿಗಳನ್ನು ಸೇರಿಸಬೇಕಾಯಿತು.

ಜೇನ್ ಆಸ್ಟಿನ್‌ಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ (1811)ಯಲ್ಲಿ ವಿಲೋಬಿ ಮರಿಯಾನ್ನಳ ಪ್ರೀತಿಯನ್ನು ಗಳಿಸಿ, ಬಳಿಕ ಐವತ್ತು ಸಾವಿರ ಪೌಂಡಿನ ಒಡತಿಯಾದ ಮಿಸ್ ಗ್ರೇಯನ್ನು ವರಿಸುತ್ತಾನೆ. ಕರ್ನಲ್ ಬ್ರ್ಯಾಂಡನನ ಪಾಲನೆಯಲ್ಲಿದ್ದ ಎಲೈಜಾ ಎಂಬ ಹುಡುಗಿಯನ್ನು ಕೆಡಿಸಿ ಕೈಬಿಟ್ಟವನೂ ಅವನೇ. ಬ್ರ್ಯಾಂಡನನಿಗೆ ಇದು ತಿಳಿದಿತ್ತು. ಮರಿಯಾನ್ನಳ ಒಲುಮೆಯೇ ವಿಲೋಬಿಯನ್ನು ತಿದ್ದೀತೆಂಬ ಆಸೆಯಿಂದಲೂ, ತನ್ನ ಮಾತು ನಡೆಯದೆಂಬ ಶಂಕೆಯಿಂದಲೂ ಆತ ಬಾಯಿ ತೆರೆಯಲಿಲ್ಲ. ತೆರೆದಾಗ ಅವಳ ಹೃದಯ ಒಡೆದಾಗಿತ್ತು.

‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಡಾರ್ಸಿಯ ಹದಿನೈದು ವರ್ಷದ ತಂಗಿಯನ್ನೂ ಅವಳ ಮೂವತ್ತು ಸಾವಿರ ಪೌಂಡುಗಳನ್ನೂ ಅಪಹರಿಸಲು ವಿಕ್‌ಹ್ಯಾಮ್ ಹವಣಿಸಿದ್ದನು. ತಂಗಿಯ ಮಾನ ಉಳಿಯಲೆಂದು ಡಾರ್ಸಿ ವಿಷಯವನ್ನು ಮುಚ್ಚಿಟ್ಟನು. ಅವನ ಪತ್ರದಿಂದ ಸತ್ಯವನ್ನರಿತ ಎಲಿಜಬೆತ್ ಕೂಡ, ವಿಕ್‌ಹ್ಯಾಮ್ ಹೇಗೂ ಊರು ಬಿಡುವವನೆಂದು ಅಕ್ಕನೊಡನೆ ಆಲೋಚಿಸಿ ಮೌನ ವಹಿಸಿದಳು. ಫಲವಾಗಿ ಅವಳ ಸ್ವಂತ ತಂಗಿ ಲಿಡಿಯಾಳೇ ಅವನೊಡನೆ ಓಡಿಹೋದಳು. ಒಂದು ಮನೆಯ ಮರ್ಯಾದೆಯನ್ನು ಕಾಯ್ದ ಮೌನ ಇನ್ನೊಂದು ಮನೆಯ ಮರ್ಯಾದೆಯನ್ನು ಒತ್ತೆಯಿಟ್ಟಿತು. ಇದನ್ನರಿತ ಡಾರ್ಸಿ ತಪ್ಪು ತನ್ನದೇ ಎಂದು ಒಪ್ಪಿ, ವಿಕ್‌ಹ್ಯಾಮನ ಸಾಲ ತೀರಿಸಿ ಮದುವೆ ನಡೆಯುವಂತೆ ಮಾಡಿದನು.

ಪರರ ದೋಷವನ್ನು ಆಡುವುದು ಸಜ್ಜನರಿಗೆ ತಕ್ಕುದಲ್ಲವೆಂಬ ಮಾತು ನಿಜವೇ. ಆದರೆ ನಿಂದೆ ಬೇರೆ, ಎಚ್ಚರಿಕೆ ಬೇರೆ. ಎರಡಕ್ಕೂ ಇರುವ ಅಂತರ ಇದೇ ಕಾದಂಬರಿಯಲ್ಲಿದೆ. ವಿಕ್‌ಹ್ಯಾಮ್ ಪರಿಚಯವಾದ ಆರಂಭದಲ್ಲಿಯೇ ಡಾರ್ಸಿಯನ್ನು ದೂರಿದನು. ಡಾರ್ಸಿ ಊರಿನಲ್ಲಿಲ್ಲವಾದೊಡನೆ ಅದನ್ನೇ ಎಲ್ಲರೆದುರು ಸಾರಿದನು. ಅವನ ಮಾತಿಗೆ ಅವನ ಮಾತೇ ಸಾಕ್ಷಿ. ಡಾರ್ಸಿಯಾದರೋ ತಿಳಿಯಬೇಕಾದ ಒಬ್ಬಳಿಗೆ ಮಾತ್ರ ಬರೆದನು. ನಡೆದ ಸಂಗತಿಯನ್ನಷ್ಟೇ ತಿಳಿಸಿದನು. ಸಂದೇಹವಿದ್ದರೆ ಕೇಳಿಕೊಳ್ಳಲೆಂದು ಎಲ್ಲವನ್ನೂ ಬಲ್ಲ ಬಂಧುವಿನ ಹೆಸರನ್ನೂ ಸೂಚಿಸಿದನು.

ವರನ ಗುಣಶೀಲವನ್ನು ವಿಚಾರಿಸಿಕೊಂಡು ಕನ್ಯೆಯ ಮನೆಯವರು ಬಾಗಿಲಿಗೆ ಬಂದಾಗ, ಬಲ್ಲವರು “ನಮಗೇಕೆ ಊರ ಉಸಾಬರಿ” ಎಂದು ನುಣುಚಿಕೊಳ್ಳುವುದು ಇಂದಿಗೂ ಉಂಟು. ಅಂಥ ಗಳಿಗೆಯಲ್ಲಿ ಕಂಡದ್ದನ್ನು ಕಂಡಷ್ಟೇ, ಕೇಳಬೇಕಾದವರಿಗಷ್ಟೇ ತಿಳಿಸುವುದು ಪರನಿಂದೆಯಾಗದು. ತಡವಾಗಿ ಆಡಿದ ಸತ್ಯವು ಬ್ರ್ಯಾಂಡನನ ಮಾತಿನಂತೆ ಸಂತಾಪಕ್ಕೆ ಒದಗೀತೇ ಹೊರತು ರಕ್ಷಣೆಗೆ ಒದಗದು.