ವಿಶ್ವಕೋಶದಲ್ಲಿ ಕುಂಕಳ್ಳಿ: ಬರೆದದ್ದು, ಬಿಟ್ಟದ್ದು



ಶಾಲೆಯಲ್ಲಿ ಇತಿಹಾಸದ ಬಗ್ಗೆ ಏನಾದರೂ ಬರೆದು ತರಲು ಹೇಳಿದರೆ ಮನೆಯ ಮಕ್ಕಳು ಮೊದಲು ನೋಡುವುದು ವಿಶ್ವಕೋಶವನ್ನು. ಹಿಂದೆ ಅದು ವಾಚನಾಲಯದ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು; ಈಗ ಅಂಗೈಯ ಮೊಬೈಲಿನಲ್ಲೇ ಇದೆ. ವಿಶ್ವಕೋಶದಲ್ಲಿ ಬಂದಿದೆ ಎಂದರೆ ಅದೇ ಕೊನೆಯ ಮಾತು ಎಂಬ ನಂಬಿಕೆ ನಮ್ಮಲ್ಲಿದೆ. ಹೊಳೆ, ಬೆಟ್ಟ, ಬೆಳೆಗಳ ವಿಷಯದಲ್ಲಿ ಈ ನಂಬಿಕೆಯಿಂದ ದೊಡ್ಡ ಹಾನಿಯಿಲ್ಲ. ಆದರೆ ರಾಜ್ಯ, ಧರ್ಮ, ಭೂಮಿಗಳ ಜಗಳದಲ್ಲಿ ಮನುಷ್ಯರು ಮನುಷ್ಯರನ್ನು ಕೊಂದ ವಿಷಯ ಬಂದಾಗ, ಬರೆದದ್ದನ್ನು ತೂಗಿ ನೋಡದೆ ಒಪ್ಪಿದರೆ ಇಂದಿನ ನೆರೆಹೊರೆಯವರ ನಡುವೆಯೂ ಗೋಡೆ ಏಳಬಹುದು. ಇಂಥ ಲೇಖನವನ್ನು ತೂಗುವುದು ಹೇಗೆ ಎಂಬುದನ್ನು ಗೋವೆಯದೇ ಒಂದು ಉದಾಹರಣೆಯಿಂದ ನೋಡೋಣ.

ಅಮೆರಿಕದಲ್ಲಿ ಪ್ರಕಟವಾದ ಕ್ಯಾಥೊಲಿಕ್ ವಿಶ್ವಕೋಶದ ನಾಲ್ಕನೆಯ ಸಂಪುಟ 1908ರಲ್ಲಿ ಹೊರಬಂತು. ಅದರಲ್ಲಿ ಕುಂಕಳ್ಳಿಯ ಹುತಾತ್ಮರ ಬಗ್ಗೆ ಒಂದು ಲೇಖನವಿದೆ. ಆ ಗ್ರಂಥದ ಹಕ್ಕಿನ ಅವಧಿ ಮುಗಿದುಹೋಗಿ ಬಹಳ ವರ್ಷಗಳಾದವು. ಯಾರು ಬೇಕಾದರೂ ಅದನ್ನು ನಕಲು ಮಾಡಬಹುದು. ಆದ್ದರಿಂದ ನೂರು ವರ್ಷ ದಾಟಿದ ಆ ಲೇಖನವನ್ನು ಇಂದಿನ ಮಕ್ಕಳೂ ಮೊಬೈಲಿನಲ್ಲಿ ಓದುತ್ತಾರೆ.

ಕುಂಕಳ್ಳಿ ಇರುವುದು ಸಾಸಷ್ಟಿ ತಾಲೂಕಿನಲ್ಲಿ. ಅದಕ್ಕೂ ಮಡ್ಕಯಿಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಮಡ್ಕಯಿಯ ನವದುರ್ಗೆ ಇಲ್ಲಿಯವಳಲ್ಲ, ತೀಸವಾಡಿಯ ಗಾವಶಿಯಿಂದ ಬಂದವಳು. ಪ್ರಿಯೋಳದ ಮಂಗೇಶ ಕುಠ್ಠಾಳಿಯಿಂದ ಬಂದವನು. ಮಾರ್ದೋಳದ ಮಹಾಲಸೆ ವೇರ್ಣೆಯಿಂದ ಬಂದವಳು. ಹದಿನಾರನೆಯ ಶತಮಾನದಲ್ಲಿ ತೀಸವಾಡಿ, ಸಾಸಷ್ಟಿಗಳು ಪೋರ್ಚುಗೀಸರ ಕೈಯಲ್ಲಿದ್ದವು. ಹೊಳೆಯ ಈಚೆಯ ನಮ್ಮ ಫೋಂಡಾ ಪ್ರದೇಶ ಬಿಜಾಪುರದ ಆದಿಲಶಾಹಿಯ ಆಳ್ವಿಕೆಯಲ್ಲಿತ್ತು. ದೇವರನ್ನು ಹೊತ್ತುಕೊಂಡು ಜನ ಹೊಳೆ ದಾಟಿದ್ದು ಅದಕ್ಕಾಗಿಯೇ. ಕುಂಕಳ್ಳಿಯವರೂ ತಮ್ಮ ಶಾಂತಾದುರ್ಗೆಯನ್ನು ಫಾತರ್ಪೆಗೆ ಒಯ್ದರು. ಆದರೆ ಅವರು ದಾಟಿಹೋಗುವುದಕ್ಕೆ ನಿಲ್ಲಲಿಲ್ಲ, ಎದುರು ನಿಂತರು. ನಮ್ಮ ಊರಿನ ಕಥೆಯ ಇನ್ನೊಂದು ಮುಖ ಅಲ್ಲಿದೆ.

ಸಾಸಷ್ಟಿ 1543ರಲ್ಲಿ ಆದಿಲಶಾಹಿಯಿಂದ ಪೋರ್ಚುಗೀಸರಿಗೆ ಸೇರಿತು. 1567ರಲ್ಲಿ ಅಲ್ಲಿನ ನೂರಾರು ದೇವಾಲಯಗಳನ್ನು ಕೆಡವಲಾಯಿತು. ಕುಂಕಳ್ಳಿ, ವೇರೋಡೆ, ಅಸೋಳ್ಣೆ, ವೆಳ್ಳಿ, ಅಂಬೆಲಿ ಎಂಬ ಐದು ಊರುಗಳು ಮಾತ್ರ ಬಗ್ಗಲಿಲ್ಲ. ತೆರಿಗೆ ಕೊಡಲಿಲ್ಲ, ಕೆಡವಿದ ಗುಡಿಗಳನ್ನು ಮತ್ತೆ ಕಟ್ಟಿದರು. ಕೊನೆಗೆ 1583ರ ಜುಲೈಯಲ್ಲಿ ಐವರು ಜೆಸ್ವಿಟ್ ಧರ್ಮಸೇವಕರು ಶಿಲುಬೆ ನೆಟ್ಟು ಇಗರ್ಜಿಗೆ ಜಾಗ ಆರಿಸಲು ಕುಂಕಳ್ಳಿಗೆ ಬಂದರು. ಊರವರು ಆಯುಧ ಹಿಡಿದು ಬಂದು ಅವರನ್ನು ಕೊಂದರು.

ಈಗ ಲೇಖನದ ಪರೀಕ್ಷೆ. ಮೊದಲನೆಯದು, ದಿನಾಂಕ ಮತ್ತು ಹೆಸರುಗಳು ಸರಿಯಾಗಿವೆಯೇ ಎಂಬುದು. ಲೇಖನದ ಆರಂಭದಲ್ಲಿ ಜುಲೈ 25 ಎಂದಿದೆ, ಮುಂದೆ ಜುಲೈ 15 ಎಂದಿದೆ. ಎರಡು ತಾರೀಖು ಕಂಡ ಕೂಡಲೇ ಲೇಖನವೇ ತಪ್ಪು ಎನ್ನಬಾರದು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಪಂಚಾಂಗ ತಿದ್ದಿಸಿದರು. ಅಕ್ಟೋಬರ್ 4ರ ಮರುದಿನವನ್ನೇ ಅಕ್ಟೋಬರ್ 15 ಎಂದು ಎಣಿಸಲಾಯಿತು. ಹಳೆಯ ಲೆಕ್ಕದ ಜುಲೈ 15 ಎಂದರೆ ಹೊಸ ಲೆಕ್ಕದ ಜುಲೈ 25. ಎರಡೂ ಒಂದೇ ಸೋಮವಾರ. ಲೇಖನ ತಾನು ಕೊಟ್ಟದ್ದು ಹೊಸ ಲೆಕ್ಕ ಎಂದು ಮೊದಲಿಗೇ ಸೂಚಿಸಿದೆ. ಐವರ ಹೆಸರುಗಳೂ ಸರಿಯಾಗಿವೆ: ರುದೊಲ್ಫ್ ಅಕ್ವಾವಿವ, ಅಲ್ಫೊನ್ಸೊ ಪಾಶೆಕೊ, ಪಿಯೆತ್ರೊ ಬೆರ್ನೊ, ಆಂತೋನಿಯೊ ಫ್ರಾನ್ಸಿಸ್ಕೊ ಮತ್ತು ಪಾದ್ರಿಯಲ್ಲದ ಸಹೋದರ ಫ್ರಾನ್ಸಿಸ್ಕೊ ಅರಾನ್ಯ. ಇವರಲ್ಲಿ ಅಕ್ವಾವಿವ ಫತೇಪುರ ಸಿಕ್ರಿಯಲ್ಲಿ ಅಕ್ಬರನ ದರ್ಬಾರಿನಲ್ಲಿದ್ದು ಬಂದವರು. ಈ ಪರೀಕ್ಷೆಯಲ್ಲಿ ಲೇಖನ ಗೆಲ್ಲುತ್ತದೆ.

ಎರಡನೆಯದು, ಕಾರಣವನ್ನು ಹೇಳಿದೆಯೇ ಎಂಬುದು. ಈ ಲೇಖನದ ವಿಚಿತ್ರ ಇರುವುದು ಇಲ್ಲಿಯೇ. ಪಾಶೆಕೊ ಅವರು ಕುಂಕಳ್ಳಿಯ ಮೇಲೆ ಹೋದ ಎರಡು ದಂಡಯಾತ್ರೆಗಳ ಜೊತೆಗಿದ್ದು ಗುಡಿಗಳ ನಾಶಕ್ಕೆ ಕಾರಣರಾದರು ಎಂದು ಲೇಖನವೇ ಹೇಳುತ್ತದೆ. ಬೆರ್ನೊ ಅವರು ಗುಡಿ ಕೆಡವಲು ನೆರವಾದರು, ಪವಿತ್ರವೆಂದು ನಂಬಿದ್ದ ಒಂದು ಹುತ್ತವನ್ನು ನಾಶಮಾಡಿದರು, ಒಂದು ಆಕಳನ್ನು ಕೊಂದರು ಎಂದೂ ಅದರಲ್ಲಿದೆ. ಏನನ್ನೂ ಬಚ್ಚಿಟ್ಟಿಲ್ಲ. ಆದರೆ ಈ ಸಂಗತಿಗಳೆಲ್ಲ ಬರುವುದು ಆ ಪಾದ್ರಿಗಳ ಜೀವನ ಚರಿತ್ರೆಯಲ್ಲಿ, ಅವರ ಧರ್ಮಶ್ರದ್ಧೆಯ ಉದಾಹರಣೆಗಳಾಗಿ. ಕೊಲೆಯ ಪ್ರಸಂಗ ಬರುವಾಗ ಊರವರ ಸಿಟ್ಟಿಗೆ ಇವು ಕಾರಣ ಎಂಬುದನ್ನು ಬಿಡಿಸಿ ಹೇಳಿಲ್ಲ. ಪಾದ್ರಿಗಳಿಗೆ ಕೇಡು ಮಾಡಲು ಸುಲಭದ ಸಂದರ್ಭ ಸಿಕ್ಕಿತೆಂದು ಊರವರು ಬಂದರು ಎಂಬ ಧಾಟಿಯಲ್ಲಿ ಕಥೆ ಸಾಗುತ್ತದೆ.

ಹುತ್ತ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಗರಪಂಚಮಿಗೆ ಹಾಲೆರೆಯುವ ಕನ್ನಡಿಗನಿಗೂ ಗೊತ್ತು, ಹುತ್ತವನ್ನೇ ಸಾತೇರಿ ದೇವಿ ಎಂದು ಕೈಮುಗಿಯುವ ಕೊಂಕಣಿಗನಿಗೂ ಗೊತ್ತು. ದೂರದೇಶದ ಓದುಗನಿಗೆ ಅದು ಬರೀ ಮಣ್ಣಿನ ಗುಪ್ಪೆ. ಅವನಿಗೆ ತಿಳಿಸಿ ಹೇಳುವುದೇ ವಿಶ್ವಕೋಶದ ಕೆಲಸವಾಗಿತ್ತು. ಒಂದು ಸಂಗತಿ ಲೇಖನದಲ್ಲಿ ಇದ್ದರೆ ಸಾಲದು, ಇರಬೇಕಾದ ಜಾಗದಲ್ಲಿ ಇರಬೇಕು. ಎರಡನೆಯ ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಅಂಕ ಕೊಡಬಹುದು.

ಮೂರನೆಯದು, ಕಥೆಯನ್ನು ಎಲ್ಲಿ ನಿಲ್ಲಿಸಿದೆ ಎಂಬುದು. ಲೇಖನ ಮುಂದೆ ಐವರ ಅವಶೇಷಗಳ ವಿಷಯಕ್ಕೆ ಹೋಗುತ್ತದೆ: ಮೊದಲು ರಾಯ್ತೂರಿನ ಇಗರ್ಜಿ, 1597ರಲ್ಲಿ ಗೋವೆಯ ಸಂತ ಪಾವ್ಲು ಕಾಲೇಜು, 1862ರಲ್ಲಿ ಹಳೆ ಗೋವೆಯ ಮಹಾ ಇಗರ್ಜಿ. 1893ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರನ್ನು ಪುಣ್ಯವಂತರೆಂದು ಘೋಷಿಸಿದ್ದೂ ಬರುತ್ತದೆ. ಆದರೆ ಕುಂಕಳ್ಳಿಯಲ್ಲಿ ಕಥೆ ಹಾಗೆ ಮುಗಿಯಲಿಲ್ಲ. ಪೋರ್ಚುಗೀಸ್ ಕಪ್ತಾನ ಮಾತುಕತೆಗೆಂದು ಊರಿನ ಮುಖಂಡರನ್ನು ಅಸೋಳ್ಣೆಯ ಕೋಟೆಗೆ ಕರೆಸಿದ. ನಂಬಿ ಬಂದವರನ್ನು ಅಲ್ಲಿಯೇ ಕೊಲ್ಲಿಸಿದ. ಹದಿನಾರು ಮಂದಿ ಹೋಗಿದ್ದರು, ಹದಿನೈದು ಮಂದಿ ಸತ್ತರು, ಒಬ್ಬ ಮಾತ್ರ ಹೊಳೆಗೆ ಹಾರಿ ಕಾರವಾರದ ಕಡೆ ಪಾರಾದ ಎಂದು ಕುಂಕಳ್ಳಿಯವರು ಹೇಳುತ್ತ ಬಂದಿದ್ದಾರೆ. ಅಸೋಳ್ಣೆ, ವೆಳ್ಳಿ, ಅಂಬೆಲಿಗಳ ಭೂಮಿಯನ್ನು ಸರಕಾರ ಕಿತ್ತುಕೊಂಡು ಬೇರೆಯವರಿಗೆ ಕೊಟ್ಟಿತು. ಲೇಖನದಲ್ಲಿ ಈ ಮುಖಂಡರಿಗೆ ಒಂದು ಸಾಲೂ ಇಲ್ಲ. ಆಯುಷ್ಯವೆಲ್ಲ ಬ್ಯಾಂಕಿನ ಖಾತೆ ಪುಸ್ತಕ ಬರೆದವನ ಮಾತಿನಲ್ಲಿ ಹೇಳುವುದಾದರೆ, ಇದು ಜಮಾ ಬರೆದು ಖರ್ಚಿನ ಕಡೆ ಖಾಲಿ ಬಿಟ್ಟ ಪುಟ. ಬರೆದ ಅಂಕಿಗಳು ಒಂದೊಂದೂ ಸರಿ, ಆದರೂ ಲೆಕ್ಕ ತಾಳೆಯಾಗುವುದಿಲ್ಲ.

ನಾಲ್ಕನೆಯದು, ಯಾರಿಗೆ ಹೆಸರಿದೆ, ಯಾರಿಗೆ ಇಲ್ಲ ಎಂಬುದು. ಐವರಿಗೆ ಹುಟ್ಟಿದ ಊರು, ಮನೆತನ ಎಲ್ಲ ಇದೆ. ಕೊಂದವರಿಗೆ ಪಾಷಂಡಿಗಳು ಎಂಬ ಒಂದೇ ಹೆಸರು. ಅವರು ತಮ್ಮ ಊರಿನ ಗಾಂವ್ಕರರು, ನೆಲದ ಒಡೆಯರು ಎಂಬುದು ಓದುಗನಿಗೆ ಕಾಣುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಅರ್ಧ ಪುಟವನ್ನೇ ಬರೆದಂತಾಗುತ್ತದೆ. ಈಚಿನ ವರ್ಷಗಳಲ್ಲಿ ಕುಂಕಳ್ಳಿಯನ್ನು ಸ್ವಾತಂತ್ರ್ಯ ಹೋರಾಟದ ಮೊದಲ ಕಿಡಿ ಎಂದು ಹೊಗಳುವ ಬರಹಗಳು ಬಹಳ ಬಂದಿವೆ. 2003ರಲ್ಲಿ ಮುಖಂಡರಿಗೆ ಊರಿನಲ್ಲಿ ಸ್ಮಾರಕವೂ ಆಯಿತು. ಆಗಬೇಕಾದದ್ದೇ ಆಯಿತು. ಆದರೆ ಈ ಬರಹಗಳಿಗೂ ಅದೇ ನಾಲ್ಕು ಪರೀಕ್ಷೆ ಒಡ್ಡಬೇಕು. ಅಂದು ಸತ್ತವರು ಐವರು ಮಾತ್ರವಲ್ಲ. ಹಳೆಯ ಲೇಖನದ ಪ್ರಕಾರ ಗೊನ್ಸಾಲೊ ರೊದ್ರಿಗೆಸ್ ಎಂಬ ಪೋರ್ಚುಗೀಸನೂ ಹದಿನಾಲ್ಕು ಮಂದಿ ಸ್ಥಳೀಯ ಕ್ರೈಸ್ತರೂ ಸತ್ತರು. ಅವರಲ್ಲಿ ದೊಮಿಂಗೊ ಎಂಬವನು ಕುಂಕಳ್ಳಿಯದೇ ಹುಡುಗ. ಅವನನ್ನು ಕೊಂದವನು ಅವನ ಸ್ವಂತ ಮಾವ. ಅಲ್ಫೊನ್ಸೊ ಎಂಬ ಇನ್ನೊಬ್ಬ ಹುಡುಗ ಪಾದ್ರಿಯ ಪ್ರಾರ್ಥನೆಯ ಪುಸ್ತಕವನ್ನು ಬಿಡಲಿಲ್ಲವೆಂದು ಅವನ ಕೈ ಕಡಿದರು, ಓಡದಂತೆ ಮೊಣಕಾಲಿಗೆ ಹೊಡೆದರು, ಮರುದಿನ ಕೊಂದರು. ಪುಣ್ಯವಂತರ ಪಟ್ಟಿಯಲ್ಲಿ ಈ ಹದಿನಾಲ್ವರು ಸೇರಲಿಲ್ಲ. ದಂಗೆಯನ್ನು ಹೊಗಳುವ ಬರಹಗಳಲ್ಲೂ ಇವರಿಗೆ ಜಾಗ ಸಿಗುವುದು ಅಪರೂಪ. ಎರಡು ಪಕ್ಷದವರೂ ಬಿಟ್ಟವರು ಇವರು, ಇದೇ ಮಣ್ಣಿನ ಮಕ್ಕಳು. ಇವರ ಹೆಸರನ್ನಾದರೂ ಉಳಿಸಿದ ಪುಣ್ಯ, ನಾವು ಇಷ್ಟು ಹೊತ್ತು ತಪ್ಪು ಹುಡುಕಿದ ಅದೇ ಲೇಖನದ್ದು.

ಹಾಗಾದರೆ ಆ ಲೇಖನ ಒಳ್ಳೆಯದೋ ಕೆಟ್ಟದ್ದೋ? ಅದು ಸುಳ್ಳು ಬರೆದಿಲ್ಲ. ಅದು ಕ್ಯಾಥೊಲಿಕ್ ಧರ್ಮಸಭೆಯ ವಿಷಯಕ್ಕಾಗಿಯೇ ಹೊರಟ ಗ್ರಂಥ, ಅದನ್ನು ಮುಚ್ಚಿಟ್ಟೂ ಇಲ್ಲ. ಐವರ ಚರಿತ್ರೆಗೆ ಅದನ್ನು ನಂಬಬಹುದು. ಕುಂಕಳ್ಳಿಯ ಚರಿತ್ರೆಗೆ ಅದೊಂದೇ ಸಾಲದು. ಮಕ್ಕಳಿಗೆ ನಾವು ಹೇಳಿಕೊಡಬೇಕಾದದ್ದು ಇಷ್ಟೇ. ವಿಶ್ವಕೋಶವನ್ನು ಬಿಸಾಡಬೇಡಿ, ಹಾಗೆಂದು ಕಣ್ಣು ಮುಚ್ಚಿ ನಕಲೂ ಮಾಡಬೇಡಿ. ತಾರೀಖು ಸರಿಯೇ, ಕಾರಣ ಅದರ ಜಾಗದಲ್ಲಿದೆಯೇ, ಕಥೆ ಎಲ್ಲಿ ನಿಂತಿದೆ, ಯಾರಿಗೆ ಹೆಸರಿಲ್ಲ ಎಂದು ಕೇಳಿ. ನಮ್ಮ ಪಕ್ಷದ ಲೇಖನಕ್ಕೆ ಈ ಪ್ರಶ್ನೆಗಳನ್ನು ಇನ್ನೂ ಬಿಗಿಯಾಗಿ ಕೇಳಿ. ಎರಡು ಭಾಷೆ ಬಲ್ಲ ಗಡಿಯ ಮಕ್ಕಳಿಗೆ ಇದು ಕಷ್ಟವಲ್ಲ. ಒಂದೇ ಸಂಗತಿಗೆ ಎರಡು ಮಾತು ಇರುತ್ತವೆ ಎಂಬುದು ಅವರಿಗೆ ತೊಟ್ಟಿಲಿನಿಂದಲೇ ಗೊತ್ತು.

ಪ್ರತಿ ವರ್ಷ ಫಾಲ್ಗುಣದಲ್ಲಿ ಫಾತರ್ಪೆಯಿಂದ ಕುಂಕಳ್ಳಿಗೆ ದೇವಿಯ ಉತ್ಸವ ಬರುತ್ತದೆ. ಊರಿನ ಹನ್ನೆರಡು ಮನೆತನಗಳ ಹನ್ನೆರಡು ಛತ್ರಿಗಳು ಗುಲಾಲಿನ ನಡುವೆ ಸಾಗುತ್ತವೆ. ಅದರಲ್ಲಿ ಆ ಊರಿನ ಕ್ರೈಸ್ತರೂ ಸೇರುತ್ತಾರೆ. ನಾನೂರು ವರ್ಷಗಳ ಹಿಂದಿನ ಸಾವುಗಳನ್ನು ಮರೆಯದೆಯೇ ಆ ಊರು ಜೊತೆಗೆ ನಡೆಯುತ್ತದೆ. ಮುಂದೆ ಕುಂಕಳ್ಳಿಯ ಬಗ್ಗೆ ಲೇಖನ ಬರೆಯುವವರು ಆ ಮೆರವಣಿಗೆಯನ್ನೂ ಒಮ್ಮೆ ನೋಡಿ ಬರೆಯಲಿ.